ಶಾಲಾ ಹಂತದ ಮಾರ್ಗದರ್ಶನ ಮತ್ತು ವ್ಯವಸ್ಥೆಯ ಹಂತದ ಮಾರ್ಗದರ್ಶನ: ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪೋಷಕರ ಮಾಹಿತಿಗಾಗಿ

ತುಮಕೂರು ಕಂದಾಯ ಜಿಲ್ಲೆಯು ಹತ್ತು ತಾಲ್ಲೂಕುಗಳನ್ನು ಒಳಗೊಂಡಿದ್ದು, ಶಾಲಾ ಶಿಕ್ಷಣದ ಆಡಳಿತದ ಅನುಕೂಲಕ್ಕಾಗಿ ಇದನ್ನು ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳನ್ನಾಗಿ ವಿಂಗಡಿಸಲಾಗಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯ ವ್ಯಾಪ್ತಿಗೆ ಬರುತ್ತವೆ. ಕಂದಾಯ ಇಲಾಖೆಯ ಮಧುಗಿರಿ ಉಪವಿಭಾಗದ ವ್ಯಾಪ್ತಿಯೂ ಇವೇ ನಾಲ್ಕು ತಾಲ್ಲೂಕುಗಳಾಗಿರುವುದರಿಂದ, ಉಪವಿಭಾಗಾಧಿಕಾರಿಗಳ ಕಚೇರಿಗೆ ಸಲ್ಲಿಸಬೇಕಾದ ಅರ್ಜಿಗಳು ಶಿಕ್ಷಣ ಇಲಾಖೆಗೂ, ಶಿಕ್ಷಣ ಇಲಾಖೆಗೆ ಸಲ್ಲಿಸಬೇಕಾದ ಅರ್ಜಿಗಳು ಉಪವಿಭಾಗಾಧಿಕಾರಿಗಳ ಕಚೇರಿಗೂ ತಲುಪುವುದು ಅಪರೂಪವೇನಲ್ಲ.

ಆದರೆ ಈ ಲೇಖನದ ವಿಷಯವು ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಗೊಂದಲಕ್ಕೆ ಸಂಬಂಧಿಸಿರುತ್ತದೆ. ಶಾಲೆಗಳಿಗೆ ಶೈಕ್ಷಣಿಕ ಬೆಂಬಲ ನೀಡುವ ಸಿಬ್ಬಂದಿಯು ಎರಡು ಹಂತಗಳಲ್ಲಿ ಕಾರ್ಯನಿರ್ವಹಿಸುತ್ತಾರೆ. ಮೊದಲನೆಯವರು ಶಾಲೆಯ ಒಳಗೆ ಬಂದು, ಶಿಕ್ಷಕರ ಪಕ್ಕದಲ್ಲಿ ಕುಳಿತು, ತರಗತಿಯ ಕೆಲಸಕ್ಕೆ ನೆರವಾಗುವವರು. ಎರಡನೆಯವರು ಒಂದು ತಾಲ್ಲೂಕಿನ ಅಥವಾ ಇಡೀ ಶೈಕ್ಷಣಿಕ ಜಿಲ್ಲೆಯ ಶಾಲೆಗಳನ್ನು ಒಟ್ಟಾಗಿ ನೋಡಿ, ವ್ಯವಸ್ಥೆಯಲ್ಲಿನ ಅಡಚಣೆಗಳನ್ನು ಗುರುತಿಸಿ ಸರಿಪಡಿಸಲು ಶ್ರಮಿಸುವವರು. ಈ ಇಬ್ಬರ ಪೈಕಿ ಯಾರಿಂದ ಯಾವ ಕೆಲಸವನ್ನು ನಿರೀಕ್ಷಿಸಬಹುದು, ಯಾವುದನ್ನು ನಿರೀಕ್ಷಿಸಬಾರದು ಎಂಬುದು ತಿಳಿಯದಿದ್ದಲ್ಲಿ ಪೋಷಕರ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ವ್ಯರ್ಥವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಒಂದು ಶೈಕ್ಷಣಿಕ ವರ್ಷದಲ್ಲಿ ಹಲವು ತಿಂಗಳುಗಳು ಕಳೆದುಹೋಗುತ್ತವೆ.

ಹಿನ್ನೆಲೆ

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಸಾಮಾನ್ಯವಾಗಿ ಡಯಟ್ ಎಂದು ಕರೆಯಲ್ಪಡುವ ಸಂಸ್ಥೆಗಳು ಅಸ್ತಿತ್ವಕ್ಕೆ ಬಂದವು. ಅದಕ್ಕೂ ಮುಂಚೆ ಶಾಲೆಗೆ ಹೊರಗಿನಿಂದ ಬರುತ್ತಿದ್ದ ಅಧಿಕಾರಿಯೆಂದರೆ ತಪಾಸಣೆಗೆ ಬರುವವರು ಮಾತ್ರ. ಹಾಜರಿ ಪುಸ್ತಕ, ದಾಸ್ತಾನು ವಹಿ ಮತ್ತು ಪಾಠ ಟಿಪ್ಪಣಿಗಳನ್ನು ನೋಡಿ, ತಪ್ಪುಗಳನ್ನು ಭೇಟಿ ಪುಸ್ತಕದಲ್ಲಿ ಬರೆದು ಹೋಗುವುದು ರೂಢಿಯಾಗಿತ್ತು. ತಪ್ಪನ್ನು ಬರೆಯುವವರಿದ್ದರು, ಅದನ್ನು ತಿದ್ದಿಕೊಳ್ಳುವುದು ಹೇಗೆಂದು ಜೊತೆಯಲ್ಲಿ ಕುಳಿತು ತೋರಿಸುವವರು ಇರಲಿಲ್ಲ.

ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ 1994ರಲ್ಲಿ ಆರಂಭವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ ಮತ್ತು ಹಲವು ಶಾಲೆಗಳ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರ ಎಂಬ ಏರ್ಪಾಡನ್ನು ರೂಪಿಸಿತು. ಕರ್ನಾಟಕದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಮುಂತಾದ ಜಿಲ್ಲೆಗಳು ಮೊದಲು ಇದರ ವ್ಯಾಪ್ತಿಗೆ ಒಳಪಟ್ಟವು. 2001ರಲ್ಲಿ ಜಾರಿಗೆ ಬಂದ ಸರ್ವ ಶಿಕ್ಷಣ ಅಭಿಯಾನವು ಈ ಏರ್ಪಾಡನ್ನು ದೇಶದ ಎಲ್ಲ ಜಿಲ್ಲೆಗಳಿಗೂ ಕೊಂಡೊಯ್ದಿತು. 2018ರಲ್ಲಿ ಸರ್ವ ಶಿಕ್ಷಣ ಅಭಿಯಾನ, ಪ್ರೌಢಶಿಕ್ಷಣದ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳನ್ನು ಸಮಗ್ರ ಶಿಕ್ಷಣ ಎಂಬ ಒಂದೇ ಯೋಜನೆಯಲ್ಲಿ ವಿಲೀನಗೊಳಿಸಲಾಯಿತು. ಯೋಜನೆಗಳ ಹೆಸರು ಬದಲಾದರೂ ಶಾಲೆಗಳ ಗುಂಪಿಗೆ ಒಬ್ಬರು, ತಾಲ್ಲೂಕಿಗೆ ಒಂದು ತಂಡ, ಜಿಲ್ಲೆಗೆ ಒಂದು ಸಂಸ್ಥೆ ಎಂಬ ವಿನ್ಯಾಸವು ಹಾಗೆಯೇ ಉಳಿದುಬಂದಿದೆ.

ಇಂತಹ ವಿಭಜನೆಯು ಸರ್ಕಾರಿ ಇಲಾಖೆಗೆ ಮಾತ್ರ ಸೀಮಿತವಾದುದಲ್ಲ. ತಂತ್ರಾಂಶ ಉದ್ಯಮದಲ್ಲಿಯೂ ಇದು ಕಂಡುಬರುತ್ತದೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ತಜ್ಞರು, ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡಿ, ಪ್ರತಿ ಕಂತಿನ ಕೊನೆಯಲ್ಲಿ ಪರಿಶೀಲಿಸಿ ತಿದ್ದಿಕೊಳ್ಳುವ ಕಾರ್ಯವಿಧಾನಕ್ಕೆ 'ಅಜೈಲ್' ಎಂಬ ಹೆಸರನ್ನು ನೀಡಿದರು. ಈ ವಿಧಾನವನ್ನು ಅನುಸರಿಸುವ ಸಂಸ್ಥೆಗಳಲ್ಲಿ ಒಂದು ತಂಡದ ಜೊತೆ ದಿನನಿತ್ಯ ಕೆಲಸ ಮಾಡುವ ಮಾರ್ಗದರ್ಶಕರು ಬೇರೆ, ಸಂಸ್ಥೆಯ ಮೇಲಧಿಕಾರಿಗಳ ಜೊತೆ ಕುಳಿತು ನಿಯಮ, ಹಣಕಾಸು, ನೇಮಕಾತಿಗಳಲ್ಲಿನ ಅಡ್ಡಿಗಳನ್ನು ನಿವಾರಿಸುವ ಮಾರ್ಗದರ್ಶಕರು ಬೇರೆ. ತಂಡವು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮೇಲಿನ ಹಂತದ ಅಡ್ಡಿಗಳು ನಿವಾರಣೆಯಾಗದಿದ್ದಲ್ಲಿ ಫಲ ದೊರೆಯದು. ಮೇಲಿನ ಹಂತದ ಆದೇಶ ಎಷ್ಟೇ ಉತ್ತಮವಾಗಿದ್ದರೂ ತಂಡದ ಪಕ್ಕದಲ್ಲಿ ಕುಳಿತು ತೋರಿಸುವವರಿಲ್ಲದಿದ್ದಲ್ಲಿ ಆದೇಶವು ಕಡತದಲ್ಲಿಯೇ ಉಳಿಯುತ್ತದೆ. ಶಿರಾದ ಒಂದು ಕಿರಿಯ ಪ್ರಾಥಮಿಕ ಶಾಲೆಗೂ ಬೆಂಗಳೂರಿನ ಒಂದು ತಂತ್ರಾಂಶ ಕಚೇರಿಗೂ ಈ ಒಂದು ವಿಷಯದಲ್ಲಿ ವ್ಯತ್ಯಾಸವಿಲ್ಲ.

ಸಮೂಹ ಸಂಪನ್ಮೂಲ ವ್ಯಕ್ತಿ

ಶಾಲಾ ಹಂತದ ಮಾರ್ಗದರ್ಶಕರೆಂದರೆ ಸಮೂಹ ಸಂಪನ್ಮೂಲ ವ್ಯಕ್ತಿ. ಊರುಗಳಲ್ಲಿ ಇವರನ್ನು ಸಿ.ಆರ್.ಪಿ. ಎಂದೇ ಕರೆಯುತ್ತಾರೆ. ಇವರು ಹೊರಗಿನಿಂದ ನೇಮಕಗೊಂಡ ಅಧಿಕಾರಿಗಳಲ್ಲ. ಸೇವೆಯಲ್ಲಿರುವ ಶಿಕ್ಷಕರ ಪೈಕಿ ಆಯ್ಕೆಯಾಗಿ ನಿಯೋಜಿತರಾದವರು. ಅವಧಿ ಮುಗಿದ ನಂತರ ಪುನಃ ತರಗತಿಗೆ ಹಿಂದಿರುಗುವವರು. ಯೋಜನೆಯ ಮಾನದಂಡದ ಪ್ರಕಾರ ಸರಾಸರಿ 18 ಶಾಲೆಗಳಿಗೆ ಒಬ್ಬರು ಸಮೂಹ ಸಂಪನ್ಮೂಲ ವ್ಯಕ್ತಿ ಇರಬೇಕೆಂದು ನಿಗದಿಪಡಿಸಲಾಗಿತ್ತು. ಮಿಡಿಗೇಶಿ, ಕೊಡಿಗೇನಹಳ್ಳಿ, ಹೊಳವನಹಳ್ಳಿ, ಬುಕ್ಕಾಪಟ್ಟಣ, ನಾಗಲಮಡಿಕೆ ಮುಂತಾದ ಕಡೆಗಳಲ್ಲಿ ಶಾಲೆಗಳು ಚದುರಿದಂತೆ ಇರುವುದನ್ನು ಬಲ್ಲವರಿಗೆ, ಅಷ್ಟು ಶಾಲೆಗಳನ್ನು ಒಬ್ಬರೇ ಸುತ್ತುವುದೆಂದರೆ ಎಷ್ಟು ಶ್ರಮವೆಂಬುದನ್ನು ವಿವರಿಸುವ ಅಗತ್ಯವಿಲ್ಲ.

ಸಮೂಹ ಸಂಪನ್ಮೂಲ ವ್ಯಕ್ತಿಯ ಮುಖ್ಯ ಕರ್ತವ್ಯವು ಶಾಲೆಗೆ ಭೇಟಿ ನೀಡಿ ತರಗತಿಯನ್ನು ಗಮನಿಸುವುದು, ಅಗತ್ಯವಿದ್ದಲ್ಲಿ ತಾವೇ ಪಾಠ ಮಾಡಿ ತೋರಿಸುವುದು, ಹಿಂದುಳಿದ ಮಕ್ಕಳನ್ನು ಶಿಕ್ಷಕರೊಡನೆ ಸೇರಿ ಗುರುತಿಸುವುದು ಹಾಗೂ ಸಮೂಹದ ಶಿಕ್ಷಕರೆಲ್ಲರೂ ಸೇರುವ ಸಮಾಲೋಚನಾ ಸಭೆಯನ್ನು ನಡೆಸುವುದು. ಈ ಸಭೆಯು ಸರಿಯಾಗಿ ನಡೆದಲ್ಲಿ, ಒಂದು ಶಾಲೆಯ ಶಿಕ್ಷಕಿಯು ಭಿನ್ನರಾಶಿಯನ್ನು ಹುಣಸೆ ಬೀಜ ಮತ್ತು ರೊಟ್ಟಿಯ ತುಂಡುಗಳಿಂದ ಕಲಿಸಿದ ಬಗೆಯು ಆ ಸಮೂಹದ ಉಳಿದ ಶಾಲೆಗಳಿಗೂ ತಲುಪುತ್ತದೆ. ಸುತ್ತೋಲೆಗಳನ್ನು ಓದಿ ಹೇಳುವುದಕ್ಕಷ್ಟೇ ಸಭೆಯು ಸೀಮಿತವಾದಲ್ಲಿ ಶಿಕ್ಷಕರು ಸಹಿ ಮಾಡಿ ಹಿಂದಿರುಗುತ್ತಾರೆ.

ಇಲ್ಲಿ ಒಂದು ಅಂಶವನ್ನು ಮುಚ್ಚಿಡದೆ ಹೇಳಬೇಕಾಗಿದೆ. ವಿದ್ಯಾರ್ಥಿಗಳ ಮಾಹಿತಿಯನ್ನು ಗಣಕೀಕೃತ ವ್ಯವಸ್ಥೆಗೆ ದಾಖಲಿಸುವುದು, ಸಮವಸ್ತ್ರ ಮತ್ತು ಪಠ್ಯಪುಸ್ತಕಗಳ ವಿತರಣೆಯ ಅಂಕಿ-ಅಂಶ ಸಂಗ್ರಹಿಸುವುದು, ಮಧ್ಯಾಹ್ನದ ಬಿಸಿಯೂಟದ ವರದಿ ತರಿಸುವುದು ಮೊದಲಾದ ಕೆಲಸಗಳು ವರ್ಷದಿಂದ ವರ್ಷಕ್ಕೆ ಸಮೂಹ ಸಂಪನ್ಮೂಲ ವ್ಯಕ್ತಿಗಳ ಮೇಲೆ ಬೀಳುತ್ತಾ ಬಂದಿವೆ. ಅಂಕಿ-ಅಂಶಗಳು ಅವಶ್ಯಕ, ಆದರೆ ಅವುಗಳನ್ನು ಹೊತ್ತು ತರುವ ಕೆಲಸವೇ ಮುಖ್ಯವಾದಾಗ ತರಗತಿಯಲ್ಲಿ ಕುಳಿತುಕೊಳ್ಳುವ ಸಮಯ ಕಡಿಮೆಯಾಗುತ್ತದೆ. ಆದುದರಿಂದ ಸಿ.ಆರ್.ಪಿ.ಯವರು ಶಾಲೆಗೆ ಬಂದಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಕೇಳಬಹುದಾದ ಮೊದಲ ಪ್ರಶ್ನೆಯು "ಯಾವ ದಾಖಲೆ ಬೇಕು" ಎಂಬುದಲ್ಲ. "ಯಾವ ತರಗತಿಯಲ್ಲಿ ಕುಳಿತು ನೋಡಿದಿರಿ, ಏನು ಕಂಡಿತು" ಎಂಬುದಾಗಿರತಕ್ಕದ್ದು. ಇದು ಅವಿನಯವೆಂದು ಯಾರೂ ಭಾವಿಸುವ ಅಗತ್ಯವಿಲ್ಲ. ಬಹುತೇಕ ಸಂಪನ್ಮೂಲ ವ್ಯಕ್ತಿಗಳಿಗೆ ಆ ಪ್ರಶ್ನೆಯನ್ನು ಕೇಳುವವರು ಬೇಕಾಗಿದ್ದಾರೆ.

ತಾಲ್ಲೂಕು ಮತ್ತು ಜಿಲ್ಲಾ ಹಂತ

ನಾಲ್ಕೂ ತಾಲ್ಲೂಕುಗಳಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿದ್ದು, ಕ್ಷೇತ್ರ ಸಮನ್ವಯಾಧಿಕಾರಿಗಳು ಅವುಗಳ ಮುಖ್ಯಸ್ಥರಾಗಿರುತ್ತಾರೆ. ಅವರ ಕೈಕೆಳಗೆ ಕ್ಷೇತ್ರ ಸಂಪನ್ಮೂಲ ವ್ಯಕ್ತಿಗಳು, ಅಂದರೆ ಬಿ.ಆರ್.ಪಿ.ಗಳು ಹಾಗೂ ವಿಶೇಷ ಅಗತ್ಯವುಳ್ಳ ಮಕ್ಕಳ ಸಲುವಾಗಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಿಕ್ಷಕರ ತರಬೇತಿಯನ್ನು ಯೋಜಿಸುವುದು, ಸಮೂಹ ಸಂಪನ್ಮೂಲ ವ್ಯಕ್ತಿಗಳ ವರದಿಗಳನ್ನು ಒಟ್ಟುಗೂಡಿಸಿ ನೋಡುವುದು, ಒಂದೇ ಬಗೆಯ ತೊಂದರೆಯು ಹಲವು ಸಮೂಹಗಳಲ್ಲಿ ಕಾಣಿಸಿಕೊಂಡಾಗ ಅದರ ಕಾರಣವನ್ನು ಹುಡುಕುವುದು ಈ ಕೇಂದ್ರದ ಹೊಣೆಯಾಗಿರುತ್ತದೆ.

ಜಿಲ್ಲಾ ಹಂತದಲ್ಲಿ ಇಬ್ಬರು ಉಪನಿರ್ದೇಶಕರು ಇರುತ್ತಾರೆ. ಶಾಲೆಗಳ ಆಡಳಿತವು ಉಪನಿರ್ದೇಶಕರು (ಆಡಳಿತ) ಇವರಿಗೆ ಸೇರಿದುದು. ಡಯಟ್‌ನ ಪ್ರಾಂಶುಪಾಲರು ಪದನಿಮಿತ್ತ ಉಪನಿರ್ದೇಶಕರು (ಅಭಿವೃದ್ಧಿ) ಆಗಿರುತ್ತಾರೆ. ಅರ್ಜಿದಾರರು ಅನೇಕ ವೇಳೆ 'ಉಪನಿರ್ದೇಶಕರಿಗೆ' ಎಂದಷ್ಟೇ ಬರೆದು ಸಲ್ಲಿಸುವುದರಿಂದ ಅರ್ಜಿಯು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾವಣೆಯಾಗುವುದರಲ್ಲಿಯೇ ದಿನಗಳು ಕಳೆಯುತ್ತವೆ. ಶಿಕ್ಷಕರ ಕೊರತೆ, ನಿಯೋಜನೆ, ಶಾಲಾ ಕಟ್ಟಡ, ಶಿಸ್ತು ಕ್ರಮಗಳು ಆಡಳಿತಕ್ಕೆ ಸಂಬಂಧಿಸಿದವು. ಕಲಿಕೆಯ ಗುಣಮಟ್ಟ, ತರಬೇತಿ, ಬೋಧನಾ ಸಾಮಗ್ರಿಗಳು ಅಭಿವೃದ್ಧಿಗೆ ಸಂಬಂಧಿಸಿದವು. ಡಯಟ್‌ನ ಉಪನ್ಯಾಸಕರನ್ನು ತಾಲ್ಲೂಕುಗಳಿಗೆ ನೋಡಲ್ ಅಧಿಕಾರಿಗಳನ್ನಾಗಿ ನೇಮಿಸುವ ಪದ್ಧತಿ ಇದ್ದು, ತಾಲ್ಲೂಕಿನ ಶೈಕ್ಷಣಿಕ ಪ್ರಗತಿಯ ಪರಿಶೀಲನೆಯಲ್ಲಿ ಅವರು ಭಾಗವಹಿಸುತ್ತಾರೆ.

ನಲಿ-ಕಲಿಯಿಂದ ತಿಳಿಯುವುದು

ಎರಡು ಹಂತಗಳ ವ್ಯತ್ಯಾಸವನ್ನು ಅರಿಯಲು ನಲಿ-ಕಲಿಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಾಲೆಗಳಲ್ಲಿ ಇದು ಆರಂಭವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿನ ಪದ್ಧತಿಯನ್ನು ನೋಡಿ ಬಂದ ಶಿಕ್ಷಕರು, ಪಠ್ಯವನ್ನು ಸಣ್ಣ ಸಣ್ಣ ಮೆಟ್ಟಿಲುಗಳನ್ನಾಗಿ ವಿಂಗಡಿಸಿ, ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ಮಗುವು ಕಲಿಕಾ ಏಣಿಯಲ್ಲಿ ತನ್ನ ವೇಗದಲ್ಲಿ ಮೇಲೇರುತ್ತದೆ. ಮಕ್ಕಳು ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ: ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಕೊನೆಯ ಗುಂಪಿನಲ್ಲಿ ಮಗು ತಾನೇ ಕಲಿಯುತ್ತದೆ, ನಡುವಿನ ಗುಂಪುಗಳಲ್ಲಿ ಸಹಪಾಠಿಗಳ ನೆರವು ಇರುತ್ತದೆ. ಒಬ್ಬ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸಬೇಕಾದ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ವಿಧಾನವಾಗಿತ್ತು.

2009-10ನೇ ಸಾಲಿನಲ್ಲಿ ಈ ವಿಧಾನವನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಲಾಯಿತು. ಆನಂತರ 3ನೇ ತರಗತಿಯನ್ನೂ ಸೇರಿಸಲಾಯಿತು. ಇಷ್ಟು ದೊಡ್ಡ ವಿಸ್ತರಣೆಯು ವ್ಯವಸ್ಥೆಯ ಹಂತದ ಕೆಲಸವೇ ಸರಿ. ಕಾರ್ಡುಗಳ ಮುದ್ರಣ, ತರಬೇತಿ, ಕೊಠಡಿಗಳ ಸಿದ್ಧತೆ ಇವು ಯಾವೊಬ್ಬ ಶಿಕ್ಷಕರಿಂದಲೂ ಆಗುವಂಥವಲ್ಲ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಬರೆದ ಕಾರ್ಡಿನ ಅರ್ಥವನ್ನು ಬಲ್ಲವರಾಗಿದ್ದರು. ಪೆಟ್ಟಿಗೆಯಲ್ಲಿ ಮುದ್ರಿತ ಕಾರ್ಡುಗಳು ಬಂದಾಗ ಅವುಗಳ ಒಳಗಿನ ತರ್ಕವನ್ನು ತರಗತಿಯಲ್ಲಿಯೇ ಕುಳಿತು ಬಿಡಿಸಿ ಹೇಳುವವರು ಬೇಕಾಗುತ್ತಾರೆ. ಆ ನೆರವು ದೊರೆತ ಶಾಲೆಯಲ್ಲಿ ಏಣಿಯು ಗೋಡೆಯ ಮೇಲಿನ ಚಿತ್ರವಾಗಿ ಉಳಿಯದೆ ಮಕ್ಕಳ ಬಳಕೆಗೆ ಬರುತ್ತದೆ. ನೆರವು ದೊರೆಯದ ಕಡೆ, ತೂಗುಹಾಕಿದ ಕಲಿ ಚಪ್ಪರದ ಕೆಳಗೆ ಹಳೆಯ ರೀತಿಯ ಕಾಪಿ ಬರೆಯುವಿಕೆಯೇ ಮುಂದುವರಿಯುತ್ತದೆ. ಪೋಷಕರು ತಮ್ಮ ಮಗು ಯಾವ ಮೆಟ್ಟಿಲಲ್ಲಿದೆಯೆಂದು ಶಿಕ್ಷಕರನ್ನು ಕೇಳಬಹುದು. ಪ್ರತಿ ಮಗುವಿನ ಪ್ರಗತಿ ನೋಟದಲ್ಲಿ ಅದನ್ನು ಗುರುತು ಹಾಕಲು ಅವಕಾಶವಿರುತ್ತದೆ.

ಕೋವಿಡ್ ಕಾಲದಲ್ಲಿ ಶಾಲೆಗಳು ದೀರ್ಘಕಾಲ ಮುಚ್ಚಿದ್ದರಿಂದ ಉಂಟಾದ ಕಲಿಕಾ ನಷ್ಟವನ್ನು ತುಂಬಲು 2022-23ನೇ ಸಾಲಿನಲ್ಲಿ ಕೈಗೊಂಡ ಕಲಿಕಾ ಚೇತರಿಕೆ ಕಾರ್ಯಕ್ರಮದಲ್ಲಿಯೂ ಇದೇ ಅನುಭವವಾಗಿರುತ್ತದೆ. ಕಲಿಕಾ ಹಾಳೆಗಳು ರಾಜ್ಯ ಹಂತದಲ್ಲಿ ಸಿದ್ಧವಾದವು. ಯಾವ ಮಗುವಿಗೆ ಯಾವ ಹಾಳೆಯಿಂದ ಆರಂಭಿಸಬೇಕೆಂಬ ತೀರ್ಮಾನವು ಮಾತ್ರ ತರಗತಿಯಲ್ಲಿಯೇ ಆಗಬೇಕಾದುದಾಗಿತ್ತು.

ತೊಂದರೆಯು ಯಾವ ಹಂತದ್ದೆಂದು ತಿಳಿಯುವ ಬಗೆ

ಉದಾಹರಣೆಗೆ, ಮಧುಗಿರಿ ತಾಲ್ಲೂಕಿನ ಒಂದು ಗ್ರಾಮದಲ್ಲಿ 4ನೇ ತರಗತಿಯಲ್ಲಿ ಓದುತ್ತಿರುವ ಹೆಣ್ಣು ಮಗುವಿಗೆ ಒತ್ತಕ್ಷರವಿರುವ ಪದಗಳನ್ನು ಓದಲು ಬರುತ್ತಿಲ್ಲವೆಂದು ಭಾವಿಸೋಣ. ತಾಯಿಯು ನರೇಗಾ ಕೆಲಸವನ್ನೋ ಕಡಲೆಕಾಯಿ ಬಿಡಿಸುವ ಕೂಲಿಯನ್ನೋ ಬಿಟ್ಟು, ನೇರವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ ಮೌಖಿಕವಾಗಿ ದೂರು ಹೇಳುತ್ತಾರೆ. ಅಲ್ಲಿಂದ ಶಾಲೆಗೆ ದೂರವಾಣಿ ಹೋಗುತ್ತದೆ. ಶಿಕ್ಷಕರು ಬೇಸರಗೊಳ್ಳುತ್ತಾರೆ. ಮರುದಿನ ಮಗುವನ್ನು "ನಿಮ್ಮಮ್ಮ ದೂರು ಕೊಟ್ಟರಂತೆ" ಎಂದು ಕೇಳಲಾಗುತ್ತದೆ. ಮಗು ಶಾಲೆಗೆ ಹೋಗಲು ಹಿಂಜರಿಯುತ್ತದೆ. ಓದು ಮಾತ್ರ ಇದ್ದಲ್ಲಿಯೇ ಇರುತ್ತದೆ. ಇಲ್ಲಿ ದುರುದ್ದೇಶವು ಯಾರಲ್ಲಿಯೂ ಇಲ್ಲ, ಆದರೂ ನಷ್ಟವಾದುದು ಮಗುವಿಗೆ.

ಇದೇ ವಿಷಯದಲ್ಲಿ ಮೊದಲು ತಿಳಿಯಬೇಕಾದುದು, ಓದಲು ಬಾರದವರು ಆ ಒಂದು ಮಗುವೋ ಅಥವಾ ಆ ತರಗತಿಯ ಅನೇಕ ಮಕ್ಕಳೋ ಎಂಬುದು. ಒಂದೇ ಮಗುವಾದಲ್ಲಿ ಅದರ ದೃಷ್ಟಿ, ಶ್ರವಣ, ಗೈರುಹಾಜರಿ, ಮನೆಯ ಪರಿಸ್ಥಿತಿಗಳನ್ನು ತರಗತಿ ಶಿಕ್ಷಕರು ಮತ್ತು ಪೋಷಕರು ಒಟ್ಟಿಗೆ ಕುಳಿತು ನೋಡಬೇಕು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 24ನೇ ಪ್ರಕರಣದ ಪ್ರಕಾರ ಪೋಷಕರನ್ನು ನಿಯತವಾಗಿ ಭೇಟಿಯಾಗಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವಾಗಿರುವುದರಿಂದ, ಈ ಭೇಟಿಯನ್ನು ಕೋರಲು ಪೋಷಕರು ಸಂಕೋಚಪಡಬೇಕಾಗಿಲ್ಲ. ದೃಷ್ಟಿ ಅಥವಾ ಶ್ರವಣದ ತೊಂದರೆಯಿದ್ದಲ್ಲಿ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣ ವಿಭಾಗಕ್ಕೆ ತಿಳಿಸಬಹುದು.

ಒಂದೇ ಶಾಲೆಯ ಅನೇಕ ಮಕ್ಕಳಾದಲ್ಲಿ ಅದು ಆ ಶಾಲೆಯ ಬೋಧನೆಗೆ ಸಂಬಂಧಿಸಿದ್ದು. ಸಮೂಹ ಸಂಪನ್ಮೂಲ ವ್ಯಕ್ತಿಯ ನೆರವು ಇಲ್ಲಿಯೇ ಅತ್ಯಂತ ಸಾರ್ಥಕವಾಗುತ್ತದೆ. ಅಕ್ಕಪಕ್ಕದ ನಾಲ್ಕೈದು ಊರುಗಳ ಶಾಲೆಗಳಲ್ಲಿಯೂ ಅದೇ ತೊಂದರೆ ಕಂಡುಬಂದಲ್ಲಿ, ಅದನ್ನು ಯಾವೊಬ್ಬ ಶಿಕ್ಷಕರ ತಪ್ಪೆಂದು ಹೇಳುವುದು ನ್ಯಾಯವಲ್ಲ. ಪುಸ್ತಕ ತಡವಾಗಿ ತಲುಪಿರಬಹುದು. ತರಬೇತಿಯು ಆ ಭಾಗಕ್ಕೆ ಒದಗಿಲ್ಲದಿರಬಹುದು. ಶಿಕ್ಷಕರ ಸಂಖ್ಯೆಯೇ ಕಡಿಮೆಯಿರಬಹುದು. ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಂತೆ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ 2 ಶಿಕ್ಷಕರು, 61ರಿಂದ 90 ಮಕ್ಕಳಿಗೆ 3 ಶಿಕ್ಷಕರು ಇರಬೇಕು. ಈ ಸಂಖ್ಯೆಗೆ ಕೊರತೆಯಿದ್ದಲ್ಲಿ ಸಮೂಹ ಸಂಪನ್ಮೂಲ ವ್ಯಕ್ತಿಯು ಎಷ್ಟು ಸಲ ಬಂದು ಪಾಠ ಮಾಡಿ ತೋರಿಸಿದರೂ ಕೊರತೆ ತುಂಬದು. ಅದು ಆಡಳಿತದ ಹಂತಕ್ಕೆ ಲಿಖಿತವಾಗಿ ಹೋಗಬೇಕಾದ ವಿಷಯ.

ಲೆಕ್ಕಪತ್ರಗಳನ್ನು ನೋಡುವವರಿಗೆ ಈ ಕ್ರಮವು ಪರಿಚಿತವಾಗಿರುತ್ತದೆ. ಒಂದು ರಸೀತಿಯಲ್ಲಿ ತಪ್ಪು ಕಂಡರೆ ಬರೆದವರನ್ನು ಕೇಳುತ್ತಾರೆ. ಎಲ್ಲ ಶಾಖೆಗಳ ರಸೀತಿಗಳಲ್ಲಿಯೂ ಒಂದೇ ತಪ್ಪು ಕಂಡರೆ ರಸೀತಿ ಪುಸ್ತಕದ ನಮೂನೆಯನ್ನೇ ಪರಿಶೀಲಿಸುತ್ತಾರೆ.

ಪಾವಗಡದ ವಿಶೇಷ ಪರಿಸ್ಥಿತಿ

ಪಾವಗಡ ತಾಲ್ಲೂಕು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟಿದೆ. ಅನೇಕ ಗ್ರಾಮಗಳಲ್ಲಿ ಮನೆಮಾತು ತೆಲುಗು. ಮಗುವು 1ನೇ ತರಗತಿಗೆ ಬಂದಾಗ ಶಾಲೆಯ ಕನ್ನಡವು ಅದಕ್ಕೆ ಹೊಸ ಭಾಷೆಯಾಗಿರುತ್ತದೆ. ಕೆಲವು ಪೋಷಕರು ಇದನ್ನು ಮಗುವಿನ ಮಂದಬುದ್ಧಿಯೆಂದು ತಪ್ಪಾಗಿ ತಿಳಿಯುವುದುಂಟು. ಹೊರ ತಾಲ್ಲೂಕಿನಿಂದ ಬಂದ ಹೊಸ ಶಿಕ್ಷಕರು ಮಗುವು ಉತ್ತರಿಸದೆ ಸುಮ್ಮನಿರುವುದನ್ನು ಅನಾಸಕ್ತಿಯೆಂದು ತಿಳಿಯುವುದೂ ಉಂಟು. ಎರಡೂ ಸರಿಯಲ್ಲ. ಮಗುವಿಗೆ 'ನೀಳ್ಳು' ಗೊತ್ತಿದೆ, 'ನೀರು' ಎಂಬುದನ್ನು ಕಲಿಯಬೇಕಾಗಿದೆ, ಅಷ್ಟೆ.

ಈ ವಿಷಯದಲ್ಲಿ ಎರಡೂ ಹಂತಗಳ ಪಾತ್ರವಿದೆ ಮತ್ತು ಅವು ಬೇರೆ ಬೇರೆಯಾಗಿವೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮನೆಮಾತಿನಲ್ಲಿ ಮಾತನಾಡಿಸುತ್ತಾ ನಿಧಾನವಾಗಿ ಕನ್ನಡಕ್ಕೆ ಕರೆತರುವುದು ಹೇಗೆಂದು ಅನುಭವಿ ಶಿಕ್ಷಕರ ತರಗತಿಯನ್ನು ತೋರಿಸಿ ಹೇಳಿಕೊಡುವುದು ಸಮೂಹ ಸಂಪನ್ಮೂಲ ವ್ಯಕ್ತಿಯ ಕೆಲಸ. ನಾಗಲಮಡಿಕೆ, ವೈ.ಎನ್. ಹೊಸಕೋಟೆ, ತಿರುಮಣಿ ಭಾಗಗಳಲ್ಲಿ ವರ್ಷಾನುಗಟ್ಟಲೆ ಪಾಠ ಮಾಡಿದ ಶಿಕ್ಷಕರಿಗೆ ಈ ಕಲೆಯು ಯಾವ ಕೈಪಿಡಿಯೂ ಇಲ್ಲದೆ ಬರುತ್ತದೆ. ಇದಕ್ಕೆ ಹೊಂದುವ ಬೋಧನಾ ಸಾಮಗ್ರಿಯನ್ನು ಸಿದ್ಧಪಡಿಸುವುದು, ಗಡಿ ಭಾಗದ ಶಾಲೆಗಳ ಶಿಕ್ಷಕರಿಗೆಂದೇ ಪ್ರತ್ಯೇಕ ತರಬೇತಿಯನ್ನು ಏರ್ಪಡಿಸುವುದು ಕ್ಷೇತ್ರ ಸಂಪನ್ಮೂಲ ಕೇಂದ್ರ ಮತ್ತು ಡಯಟ್‌ಗೆ ಸೇರಿದ ಕೆಲಸ. ಕೊರಟಗೆರೆಯ ಶಾಲೆಗೂ ಪಾವಗಡದ ಶಾಲೆಗೂ ಒಂದೇ ತರಬೇತಿಯನ್ನು ನೀಡಿ ಒಂದೇ ಫಲವನ್ನು ನಿರೀಕ್ಷಿಸುವುದು ಸಾಧುವಲ್ಲ.

ಇವರಿಗೆ ಇಲ್ಲದ ಅಧಿಕಾರಗಳು

ಸಮೂಹ ಸಂಪನ್ಮೂಲ ವ್ಯಕ್ತಿಯಾಗಲೀ ಕ್ಷೇತ್ರ ಸಂಪನ್ಮೂಲ ವ್ಯಕ್ತಿಯಾಗಲೀ ಶಿಕ್ಷಕರ ಮೇಲೆ ಶಿಸ್ತು ಕ್ರಮ ಜರುಗಿಸುವ, ವರ್ಗಾವಣೆ ಮಾಡುವ ಅಥವಾ ಶಿಕ್ಷಕರನ್ನು ನೇಮಿಸುವ ಅಧಿಕಾರವನ್ನು ಹೊಂದಿರುವುದಿಲ್ಲ. ಇದು ಲೋಪವಲ್ಲ. ದಂಡಿಸುವ ಅಧಿಕಾರವುಳ್ಳವರ ಎದುರು ಯಾವ ಶಿಕ್ಷಕರೂ "ನನಗೆ ಭಾಗಾಕಾರ ಕಲಿಸುವುದು ಕಷ್ಟವಾಗುತ್ತಿದೆ" ಎಂದು ಹೇಳಲಾರರು. ಹಾಗೆ ಹೇಳಿಕೊಳ್ಳಲು ಸಾಧ್ಯವಾಗಲೆಂದೇ ಮಾರ್ಗದರ್ಶನವನ್ನು ತಪಾಸಣೆಯಿಂದ ಬೇರ್ಪಡಿಸಲಾಗಿದೆ. ಪೋಷಕರು ಸಮೂಹ ಸಂಪನ್ಮೂಲ ವ್ಯಕ್ತಿಗೆ ಶಿಕ್ಷಕರ ವಿರುದ್ಧ ದೂರು ಬರೆದುಕೊಟ್ಟಲ್ಲಿ, ಅವರು ಅದನ್ನು ಮೇಲಿನ ಕಚೇರಿಗೆ ಕಳುಹಿಸಬಲ್ಲರೇ ಹೊರತು ತೀರ್ಮಾನಿಸಲಾರರು. ಜೊತೆಗೆ ಆ ಶಾಲೆಯಲ್ಲಿ ಅವರ ಮಾರ್ಗದರ್ಶನಕ್ಕೆ ಬೇಕಾದ ವಿಶ್ವಾಸವೂ ಕುಂದುತ್ತದೆ.

ಮಗುವಿಗೆ ದೈಹಿಕ ಶಿಕ್ಷೆ ಅಥವಾ ಮಾನಸಿಕ ಕಿರುಕುಳ ನೀಡಿದ ಪ್ರಕರಣಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅಧಿನಿಯಮದ 17ನೇ ಪ್ರಕರಣವು ಇದನ್ನು ನಿಷೇಧಿಸಿರುತ್ತದೆ. ಇಂತಹ ಸಂದರ್ಭದಲ್ಲಿ ಯಾವ ಹಂತವನ್ನೂ ಕಾಯದೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ದೂರು ನೀಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ವರ್ಗಾವಣೆ ಪ್ರಮಾಣಪತ್ರವು ಮಾರ್ಗದರ್ಶಕರಿಗೆ ಸಂಬಂಧಿಸಿದ್ದಲ್ಲ. ಅದನ್ನು ಮುಖ್ಯ ಶಿಕ್ಷಕರು ನೀಡುತ್ತಾರೆ. ಅಧಿನಿಯಮದ 5ನೇ ಪ್ರಕರಣದಂತೆ ಅದನ್ನು ಕೂಡಲೇ ನೀಡತಕ್ಕದ್ದು. ಪ್ರಮಾಣಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆಯು ಪ್ರವೇಶವನ್ನು ನಿರಾಕರಿಸುವಂತಿಲ್ಲ. ಕೆಲಸಕ್ಕಾಗಿ ಬೆಂಗಳೂರಿಗೆ ವಲಸೆ ಹೋಗುವ ಪಾವಗಡ ಮತ್ತು ಶಿರಾ ಭಾಗದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಅರ್ಜಿ ಸಲ್ಲಿಸುವ ಕ್ರಮ

ಕಲಿಕೆಗೆ ಸಂಬಂಧಿಸಿದ ಕೋರಿಕೆಯನ್ನು ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮಂಡಿಸಿ ನಡಾವಳಿಯಲ್ಲಿ ದಾಖಲಿಸುವುದು ಉತ್ತಮ. 2001ರಿಂದ ರಾಜ್ಯದಲ್ಲಿ ಈ ಸಮಿತಿಗಳಿವೆ. ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಅಧಿನಿಯಮದ 21ನೇ ಪ್ರಕರಣವು ಹೇಳುತ್ತದೆ. ಒಬ್ಬ ತಾಯಿಯ ಮೌಖಿಕ ದೂರಿಗೂ ಸಮಿತಿಯ ನಡಾವಳಿಗೂ ಕಚೇರಿಯಲ್ಲಿ ದೊರೆಯುವ ಗಮನದಲ್ಲಿ ವ್ಯತ್ಯಾಸವಿರುತ್ತದೆ. ಇರಬಾರದು, ಆದರೆ ಇರುತ್ತದೆ. ಜೊತೆಗೆ, ಸಮಿತಿಯ ಹೆಸರಿನಲ್ಲಿ ಹೋದ ಕೋರಿಕೆಯಿಂದ ಯಾವ ಒಂದು ಮಗುವೂ ತರಗತಿಯಲ್ಲಿ ಗುರುತಿಸಲ್ಪಡುವುದಿಲ್ಲ.

ನಡಾವಳಿಯ ಪ್ರತಿಯೊಂದಿಗೆ ಸಮೂಹ ಸಂಪನ್ಮೂಲ ವ್ಯಕ್ತಿಯ ಭೇಟಿಯನ್ನು ಕೋರಬಹುದು. ಭೇಟಿಯ ನಂತರವೂ ಸುಧಾರಣೆಯಾಗದಿದ್ದಲ್ಲಿ, ಅಥವಾ ತೊಂದರೆಯು ಹಲವು ಶಾಲೆಗಳದ್ದಾಗಿದ್ದಲ್ಲಿ, ಆಯಾ ಸಮಿತಿಗಳು ಜಂಟಿಯಾಗಿ ಕ್ಷೇತ್ರ ಸಮನ್ವಯಾಧಿಕಾರಿಗಳಿಗೆ ಬರೆದು, ಪ್ರತಿಯನ್ನು ಡಯಟ್‌ನ ಪ್ರಾಂಶುಪಾಲರಿಗೆ ಕಳುಹಿಸಬಹುದು. ಶಿಕ್ಷಕರ ಕೊರತೆ ಮತ್ತು ಕಟ್ಟಡದ ವಿಷಯಗಳನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮಧುಗಿರಿಯಲ್ಲಿರುವ ಉಪನಿರ್ದೇಶಕರು (ಆಡಳಿತ) ಇವರಿಗೆ ಬರೆಯತಕ್ಕದ್ದು. ಮಗುವಿನ ಹಕ್ಕಿಗೆ ಚ್ಯುತಿಯಾದ ಪ್ರಕರಣಗಳಲ್ಲಿ ಅಧಿನಿಯಮದ 32ನೇ ಪ್ರಕರಣದಡಿ ವ್ಯಾಪ್ತಿಯುಳ್ಳ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಲು ಅವಕಾಶವಿದ್ದು, ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು. ತೀರ್ಮಾನವು ಸಮಾಧಾನಕರವಾಗಿಲ್ಲದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಸಮೂಹ ಸಂಪನ್ಮೂಲ ವ್ಯಕ್ತಿಯು ಶಾಲೆಗೆ ನೀಡಿದ ಭೇಟಿಗಳ ವಿವರವನ್ನು ಶಾಲೆಯ ಭೇಟಿ ಪುಸ್ತಕದಲ್ಲಿ ನೋಡಬಹುದು. ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಸಂಬಂಧಿಸಿದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, 30 ದಿನಗಳೊಳಗೆ ಉತ್ತರ ದೊರೆಯಬೇಕು. ರಾಜ್ಯದ ನಿಯಮಗಳಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು.

ಎಲ್ಲ ಅರ್ಜಿಗಳನ್ನೂ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆಯಬಹುದು. ನಿಗದಿತ ನಮೂನೆಯ ಅಗತ್ಯವಿಲ್ಲ. ಶಾಲೆಯ ಹೆಸರು, ಗ್ರಾಮ, ಸಮೂಹ, ತಾಲ್ಲೂಕು ಮತ್ತು ತರಗತಿಯನ್ನು ತಪ್ಪದೆ ನಮೂದಿಸಿ, ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿಯನ್ನು ಪಡೆದುಕೊಳ್ಳತಕ್ಕದ್ದು. ಮಗುವಿನ ಹೆಸರನ್ನು ಅನಿವಾರ್ಯವಲ್ಲದ ಹೊರತು ಬರೆಯುವ ಅಗತ್ಯವಿಲ್ಲ.